ಕಾವಡಿ ಕೊಟ್ಟು ಕೊಂಡ ಕತ್ತಿ

ನಮ್ಮ ಮನೆಯ ಹಾಲ್‌ನ ಗೋಡೆಯ ಮೇಲಿರುವ ಕತ್ತಿ ನಮ್ಮ ಮುತ್ತಜ್ಜನದಲ್ಲ. ನಾನು ಕೊಂಡದ್ದು. ಮಿರಜದ ನಮ್ಮ ಮನೆಗೆ ಬಂದು, ಅದರ ಎದುರಿನ ಸೋಫಾದಲ್ಲಿ ಕುಳಿತು, ಚಹಾ ಕುಡಿಯುತ್ತ ತಲೆಯೆತ್ತಿ ನೋಡಿದ ಪ್ರತಿಯೊಬ್ಬರಿಗೂ ನಾನು ಹೇಳಿದ್ದು ಸುಳ್ಳು. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ವ್ಯಾಪಾರಿ ನಾನು, ನನ್ನ ಸುಳ್ಳನ್ನು ನಾನೇ ಹೊತ್ತುಕೊಂಡು ತಿರುಗಬಲ್ಲೆ. ಆದರೆ ಆ ಸುಳ್ಳನ್ನು ಒಮ್ಮೆ ನನ್ನ ಅಪ್ಪನ ಬಾಯಿಂದ ಹೇಳಿಸಿದೆ — ಸುಳ್ಳಾಡುವುದಿಲ್ಲವೆಂದು ಬಸದಿಯಲ್ಲಿ ವ್ರತ ಹಿಡಿದಿದ್ದ ಮನುಷ್ಯನ ಬಾಯಿಂದ. ಆಮೇಲೆ ಅವರು ಬದುಕಿದ್ದಷ್ಟು ದಿನವೂ ಅದನ್ನು ಸರಿಪಡಿಸುವ ಒಂದು ಮಾತು ನನ್ನ ಬಳಿ ಇತ್ತು. ಆಡಲಿಲ್ಲ.

ನಾನು ಯಾರೆಂದು ಹೇಳಬೇಕು. ಮಿರಜದಿಂದ ಸಾಂಗ್ಲಿಗೆ ಹೋಗುವ ರಸ್ತೆಯಲ್ಲಿ ನನ್ನ ವಖಾರಿ ಇದೆ. ಹಳೆಯ ವಾಡೆಗಳನ್ನು ಕೆಡವಿದಾಗ ಬರುವ ಬಾಗಿಲು, ಚೌಕಟ್ಟು, ತೊಲೆ, ಕಂಬ — ಇವನ್ನು ಕೊಂಡು ಮಾರುವುದು ನನ್ನ ಕಸುಬು. ನಮ್ಮ ಹಳ್ಳಿ ಆರಗದಿಂದ ಬಸ್ಸಿಗೆ ಬಂದು, ಇನ್ನೊಬ್ಬರ ವಖಾರಿಯಲ್ಲಿ ಹಳೆಯ ಕಟ್ಟಿಗೆಯ ಮೊಳೆ ಕೀಳುವುದರಿಂದ ಶುರು ಮಾಡಿದವನು ನಾನು. ಯಾರೂ ಕೈಹಿಡಿದು ಕಲಿಸಲಿಲ್ಲ, ಅದಕ್ಕೇ ಇರಬೇಕು, ಕಂಡಕಂಡವರಿಗೆಲ್ಲ ಕಲಿಸುವ ಚಟ ನನಗೆ. ಹಳೆಯ ಬಾಗಿಲು ಕೊಳ್ಳುವಾಗ ಕೆತ್ತನೆ ನೋಡಬೇಡಿ, ಕೆಳಗಿನ ಅಂಚು ನೋಡಿ. ಅದು ಎಷ್ಟು ನೀರು ಕುಡಿದಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಮನಸ್ಸಿಗೆ ಹಿಡಿಸಿದ ವಸ್ತುವನ್ನು ಮಾರುವವನ ಎದುರು ಎರಡನೆಯ ಸಲ ಮುಟ್ಟಬೇಡಿ. ಹೀಗೆ ಹೇಳುತ್ತಲೇ ಇರುತ್ತೇನೆ. "ನಿಮ್ಮನ್ನ ಸ್ಮಶಾನಕ್ಕ ಒಯ್ದ್ರೂ ಎದ್ದು ಕುಂತು ಕಟಗಿ ಹೆಂಗ ಒಟ್ಟಬೇಕಂತ ಹೇಳ್ತೀರಿ" ಅನ್ನುತ್ತಾಳೆ ನನ್ನ ಹೆಂಡತಿ ಸುನಂದಾ.

ಅಪ್ಪ ಆರಗದಲ್ಲಿ ಹೊಲ ಮಾಡಿಕೊಂಡಿದ್ದವರು. ಅವ್ವ ತೀರಿಕೊಂಡ ಮೇಲೆ ಹೊಲ ಪಾಲಿಗೆ ಕೊಟ್ಟು ನಮ್ಮ ಜೊತೆ ಇರಲು ಬಂದರು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಕಾವಡಿ. ಹೆಗಲ ಮೇಲೆ ಅಡ್ಡ ಇಟ್ಟು, ಎರಡೂ ತುದಿಗೆ ಭಾರ ತೂಗುಹಾಕಿಕೊಂಡು ನಡೆಯುವ ಉದ್ದನೆಯ ಕೋಲು ಅದು. ಅಪ್ಪನ ಅಜ್ಜ, ಅಂದರೆ ನನ್ನ ಮುತ್ತಜ್ಜ, ಅದಕ್ಕೆ ತಂಬಿಗೆ, ಕೊಡ, ಪರಾತ ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗಿ ಮಾರಿದವನು. ಆ ಕೋಲಿನ ಮೇಲೆ ನಡೆದು ನಡೆದೇ ಅವನು ಆರಗದಲ್ಲಿ ಮೊದಲ ಹೊಲ ಕೊಂಡದ್ದು. ಎರಡೂ ತುದಿಗೆ ಹಿತ್ತಾಳೆಯ ಬಳೆ. ನಡುವೆ, ಹೆಗಲು ಕೂರುವ ಕಡೆ, ಸವೆದು ತಗ್ಗಾಗಿತ್ತು. ಚಿಕ್ಕಂದಿನಲ್ಲಿ ಆ ತಗ್ಗಿನ ಮೇಲೆ ಬೆರಳಾಡಿಸುವುದು ನನಗೆ ಇಷ್ಟವಿತ್ತು — ಅಷ್ಟು ನಯ. ಈಗ ಬರೆಯುವಾಗ ಬೆರಳಿಗೆ ಅದೇ ನೆನಪಾಗುತ್ತಿದೆ.

ದಸರೆಯ ಹಿಂದಿನ ದಿನ ನಮ್ಮ ಕಡೆ ಖಂಡೆಪೂಜೆ. ಮನೆಗೆ ಅನ್ನ ಕೊಟ್ಟ ಸಲಕರಣೆಯನ್ನು ತೊಳೆದು, ಮಣೆಯ ಮೇಲಿಟ್ಟು, ಹೂವೇರಿಸುವ ದಿನ. ಕುಪವಾಡದ ಕಾರಖಾನೆಗಳಲ್ಲಿ ಯಂತ್ರಗಳಿಗೆ ಹಾರ ಬೀಳುತ್ತದೆ, ರಿಕ್ಷಾದವರು ರಿಕ್ಷಾ ತೊಳೆಯುತ್ತಾರೆ, ನಾನು ವಖಾರಿಯ ಗರಗಸಕ್ಕೆ ಕುಂಕುಮ ಹಚ್ಚುತ್ತೇನೆ. ಗೌಡಕಿಯ ಮನೆಗಳಲ್ಲಿ ಹಿರಿಯರ ಕತ್ತಿ ಹೊರಬರುತ್ತದೆ. ನಮ್ಮ ಮನೆಯ ಮಣೆಯ ಮೇಲೆ ಅಪ್ಪ ಇಡುತ್ತಿದ್ದುದು ಕಾವಡಿ. ಜೈನರಾದ್ದರಿಂದ ಅವರಿಗೆ ಧಾರೆ ಇರುವ ವಸ್ತುವಿನ ಬಗ್ಗೆ ಒಂದು ಸಂಕೋಚ. ಹೊಲದ ಕುಡಗೋಲನ್ನು ಇಡುವಾಗ ಕೂಡ ಬಾಯಿ ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದರು.

ನನಗೆ ಆ ಕಾವಡಿಯ ಬಗ್ಗೆ ನಾಚಿಕೆ ಹುಟ್ಟಿದ್ದು ಯಾವಾಗ? ಹೊಸ ಮನೆ ಕಟ್ಟಿದ ಮೇಲೆ ಅನ್ನಿಸುತ್ತದೆ. ಇಲ್ಲ — ಸಾಂಗ್ಲಿವಾಡಿಯಿಂದ ನನ್ನ ಮಗಳು ರೋಹಿಣಿಗೆ ಸಂಬಂಧ ಬಂದ ಮೇಲೆ. ಹುಡುಗನ ತಂದೆ ಅಣ್ಣಾಸಾಹೇಬರು ಅರಿಶಿನದ ವ್ಯಾಪಾರಿ. ನಮ್ಮವರೇ, ಜೈನರೇ, ಆದರೆ ನದಿಯಾಚೆ ದೊಡ್ಡ ವಾಡೆ, ಹಳೆಯ ಗೌಡಕಿ, ದೇವರ ಕೋಣೆಯ ಪಕ್ಕದಲ್ಲಿ ತಲೆತಲಾಂತರದ ಕತ್ತಿ. ಹುಡುಗ ಒಳ್ಳೆಯವನು. ರೋಹಿಣಿಗೂ ಮನಸ್ಸಿತ್ತು. ಖಂಡೆಪೂಜೆಯ ದಿನ ಅಂಗಡಿಗೆ ರಜೆ, ಅವತ್ತೇ ಮನೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಖಂಡೆಪೂಜೆಯ ದಿನ! ನನ್ನ ಕಣ್ಣ ಮುಂದೆ ಬಂದದ್ದು ಹೊಸ ಹಾಲ್‌ನ ನಡುವೆ ಮಣೆ, ಮಣೆಯ ಮೇಲೆ ಪಾತ್ರೆ ಮಾರುವವನ ಕೋಲು.

ಅದೇ ಹೊತ್ತಿಗೆ ಸಾಂಗ್ಲಿಯಲ್ಲಿ ಒಂದು ಕರಕುಶಲ ಪ್ರದರ್ಶನ ಬಂದಿತ್ತು. ನಿಪ್ಪಾಣಿ ಕಡೆಯ ವ್ಯಾಪಾರಿಯೊಬ್ಬ ಕತ್ತಿ, ಗುರಾಣಿ, ಶಿರಸ್ತ್ರಾಣಗಳನ್ನು ಸಾಲಾಗಿ ಜೋಡಿಸಿದ್ದ. 'ಮಧ್ಯಯುಗದ ಸರದಾರರ ಕತ್ತಿಯ ತದ್ರೂಪು' ಎಂದು ಚೀಟಿ ಅಂಟಿಸಿದ್ದ. ಮುಚ್ಚಿಡುವ ಮಾತೇ ಇಲ್ಲ, ಅವನ ಕಡೆಯಿಂದ ಮೋಸವೇನೂ ಇಲ್ಲ. ನೆಟ್ಟಗಿನ ಉದ್ದ ಅಲಗು, ಹಿತ್ತಾಳೆ ಬಣ್ಣದ ಮುಷ್ಟಿ, ಕೆಂಪು ಮಖಮಲ್ಲಿನ ಒರೆ. ಇಂಥದ್ದನ್ನು ಕೊಳ್ಳುವವರು ಒಂದು ಮಾತು ನೆನಪಿಡಿ: ಅಲಗಿಗೆ ಧಾರೆ ಇರಬಾರದು, ರಸೀದಿ ಇರಬೇಕು, ನಾಳೆ ಪೊಲೀಸರು ಬಂದು ಕೇಳಿದರೆ ತೋರಿಸಲು ಬೇಕಾಗುತ್ತದೆ. ನಾನು ಹೆಬ್ಬೆರಳು ಒತ್ತಿ ನೋಡಿದೆ. ಸೌತೆಕಾಯಿ ಕೂಡ ಕೊಯ್ಯದ ಕತ್ತಿ. ಅವನು ಹೇಳಿದ ಬೆಲೆಗೆ ನಕ್ಕು, ಹೊರಟು ಬಂದೆ. ಹಾಗೆ ಬರಬೇಕು.

ಮರುದಿನ ಅವನೇ ನನ್ನ ವಖಾರಿಗೆ ಬಂದ. ಸಾಮಾನು ಜೋಡಿಸಲು ಹಳೆಯ ಹಲಗೆ ಬೇಕಾಗಿತ್ತಂತೆ. ಮನೆಗೆ ಬಣ್ಣ ಹಚ್ಚುತ್ತಿದ್ದುದರಿಂದ ಕಾವಡಿಯನ್ನು ನಾನು ಗೋಡೆಯಿಂದಿಳಿಸಿ ವಖಾರಿಯಲ್ಲಿ ಇಟ್ಟಿದ್ದೆ. ಹಲಗೆ ನೋಡುತ್ತಿದ್ದವನ ಕಣ್ಣು ಅದರ ಮೇಲೆ ನಿಂತಿತು.

"ಸೇಠ, ಇದೇನ್ರಿ?"

"ಅದು ಮಾರೂದಲ್ಲ."

"ಮಾರೂದಲ್ಲ ಅಂದ್ರ ಭಾಳ ಚಲೋ ಮಾಲ ಇರಬೇಕು. ಕತ್ತಿ ಅರ್ಧಾ ರೇಟಿಗೆ ಒಯ್ರಿ, ಇದನ್ನ ನನಗ ಕೊಡ್ರಿ."

ಇಲ್ಲ ಅನ್ನಬೇಕಾಗಿತ್ತು. ಆದರೆ ಅವನು 'ಅರ್ಧ' ಅಂದ ಕೂಡಲೇ ನನ್ನೊಳಗಿನ ವ್ಯಾಪಾರಿ ಎದ್ದು ಕುಳಿತ. ಅವನ ಎದುರು ಕಾವಡಿಯನ್ನು ಎತ್ತಿ ಹಿಡಿದು ಅದರ ಕಥೆ ಹೇಳಿದೆ — ಪೂರ್ತಿ, ಅಪ್ಪ ನನಗೆ ಹೇಳಿದ ಹಾಗೆಯೇ. ಮುತ್ತಜ್ಜ ಹೇಗೆ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದ, ಹೊಳೆ ದಾಟುವಾಗ ಹೇಗೆ ಕೊಡಗಳನ್ನು ತೇಲಿಬಿಟ್ಟು ಕಾವಡಿಯನ್ನು ಮಾತ್ರ ತಲೆಯ ಮೇಲೆ ಹಿಡಿಯುತ್ತಿದ್ದ, ಈ ತಗ್ಗು ಉಳಿಯಿಂದ ಮಾಡಿದ್ದಲ್ಲ, ಹೆಗಲಿನಿಂದ ಆದದ್ದು. "ಮುಟ್ಟಿ ನೋಡು" ಅಂದೆ. ಅವನು ಮುಟ್ಟಿದ. ಮುಗಿಯಿತು. ಒರೆಯ ಸಮೇತ ಕತ್ತಿ ನನ್ನದಾಯಿತು, ಒಂದು ಪೈಸೆ ಕೈಬಿಡದೆ.

ಯೋಚಿಸಿ ನೋಡಿ. ಕಾವಡಿಯ ನಿಜವಾದ ಕಥೆ ಹೇಳಿ ಕತ್ತಿ ಕೊಂಡೆ. ಕತ್ತಿಗೊಂದು ಸುಳ್ಳು ಕಥೆ ಕಟ್ಟಿ ಗೋಡೆಗೆ ಹಾಕಿದೆ. ಆ ದಿನವೆಲ್ಲ ನನ್ನ ಜಾಣತನಕ್ಕೆ ನಾನೇ ತಲೆದೂಗಿದ್ದೆ.

ಕತ್ತಿ ಹೊಸದಾಗಿ ಹೊಳೆಯುತ್ತಿತ್ತು. ಅದನ್ನು ಹಳೆಯದು ಮಾಡುವುದು ನನಗೆ ಕಷ್ಟವಲ್ಲ. ಹೊಸ ಕಟ್ಟಿಗೆಗೆ ಚಹಾದ ಕಷಾಯ ಬಳಿದು ವಯಸ್ಸು ತರುವವನು ನಾನು. ಕಬ್ಬಿಣಕ್ಕೆ ಉಪ್ಪು ಬೇಕು. ಹುಣಸೆಯ ನೀರಿನಲ್ಲಿ ಉಪ್ಪು ಕಲಸಿ, ಅಲಗಿಗೆ ತಿಕ್ಕಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಅಲ್ಲಲ್ಲಿ ಕಂದು ಕಲೆ ಏಳುತ್ತವೆ. ವಖಾರಿಯ ಹಿಂದೆ ಕುಳಿತು ತಿಕ್ಕುತ್ತಿದ್ದೆ. ಅಪ್ಪ ಬೆಳಗಿನ ಬಸದಿ ಮುಗಿಸಿ ಬಂದವರು ನನ್ನ ಹಿಂದೆ ನಿಂತಿದ್ದು ಗೊತ್ತಾಗಲಿಲ್ಲ.

"ಏನ್ ಮಾಡಾಕತ್ತೀಯೋ?"

"ಕತ್ತಿರಿ ಅಪ್ಪಾ. ಹಾಲಿನ ಗ್ವಾಡಿಗೆ ಹಾಕಾಕ ತಂದೇನಿ. ಹೊಸಾದು ಭಾಳ ಹೊಳಿತೈತಿ, ಸ್ವಲ್ಪ ಹಳೇದು ಮಾಡಾಕತ್ತೇನಿ."

ಅಪ್ಪ ಬಗ್ಗಿ ಉಪ್ಪಿನ ಬಟ್ಟಲು ನೋಡಿದರು. "ಹಳೇದ ಆಗಾಕ ಉಪ್ಪ ಸಾಕೇನು?" ಅಂದರು. ನಗುತ್ತಲೇ ಅಂದರು. ಆಮೇಲೆ ಸುತ್ತ ನೋಡಿ, "ಕಾವಡಿ ಎಲ್ಲೈತಿ? ನಾಡದ್ದ ಪೂಜಿ, ಎಣ್ಣಿ ಹಚ್ಚಬೇಕು."

"ಗೆದ್ದಲ ಹತ್ತಿತ್ರಿ ಅಪ್ಪಾ. ಎತ್ತಿದ್ರ ಪುಡಿಪುಡಿ. ಆಳಮಂದಿ ಒಲಿಗೆ ಹಾಕಿದ್ರು."

ಎಷ್ಟು ಸಲೀಸಾಗಿ ಬಂತು ಆ ಮಾತು! ಅಪ್ಪ ಕೇಳಿದರು: "ಹಿತ್ತಾಳಿ ಬಳಿ?"

ಗೆದ್ದಲು ಹಿತ್ತಾಳೆ ತಿನ್ನುವುದಿಲ್ಲ. ಅದನ್ನು ನಾನು ಯೋಚಿಸಿರಲಿಲ್ಲ. "ಗುಜರಿ ಜೋಡಿ ಹೋದ್ವು ಕಾಣಸ್ತೈತ್ರಿ" ಅಂದೆ. ಅವರು "ಹೂಂ" ಅಂದು ಹೊರಟುಹೋದರು. ನಾನು ನೋಡಿದ್ದು ಅವರ ಬೆನ್ನನ್ನು ಮಾತ್ರ.

ಖಂಡೆಪೂಜೆಯ ದಿನ ಮಣೆಯ ಮೇಲೆ ಕತ್ತಿ ಇಟ್ಟೆ. ಚೆಂಡುಹೂವಿನ ಹಾರ, ಅಕ್ಕಿ, ಕುಂಕುಮ. ಅಪ್ಪ ಸ್ನಾನ ಮಾಡಿ ಬಂದವರು ಮಣೆ ನೋಡಿ ಬಾಗಿಲಲ್ಲೇ ನಿಂತರು. "ನಮ್ಮ ಮನ್ಯಾಗ ಯಾರ ಅನ್ನಾ ಈ ಕತ್ತಿ ಗಳಿಸೇತಿ?" ಎಂದು ಕೇಳಿದ್ದು ಸುನಂದಾಳನ್ನು, ನನ್ನನ್ನಲ್ಲ. ಅವಳು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಹೊರಗೆ ಗಾಡಿಯ ಸದ್ದಾಯಿತು.

ಅಣ್ಣಾಸಾಹೇಬರು ಬಂದು, ಅಪ್ಪನಿಗೆ ಕೈಮುಗಿದು, ನೇರ ಮಣೆಯ ಬಳಿ ಹೋದರು. ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ಹಾಗೆಯೇ ಹಿಡಿದುಕೊಂಡು ನಿಂತರು, ಕೈ ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತ.

"ಇದು ಯಾರ ಕಾಲದ್ದ್ರಿ?"

"ನಮ್ಮ ಮುತ್ತಜ್ಜಂದ್ರಿ. ಸಂಸ್ಥಾನದಾಗ ಚಾಕರಿಗಿದ್ರು" ಅಂದೆ. ಕನ್ನಡಿಯೆದುರು ಅಭ್ಯಾಸ ಮಾಡಿದ ಮಾತು.

ಅವರು ಕತ್ತಿಯನ್ನು ಕೆಳಗಿಡಲಿಲ್ಲ. ಅಪ್ಪನ ಕಡೆ ತಿರುಗಿದರು. "ದೇವಪ್ಪಣ್ಣಾ, ಹೌದೇನ್ರಿ? ನಿಮ್ಮ ಅಜ್ಜಾರದ?"

ಅಡುಗೆಮನೆಯ ಬಾಗಿಲಲ್ಲಿ ರೋಹಿಣಿ ಅವಲಕ್ಕಿಯ ತಟ್ಟೆಗಳನ್ನು ಹಿಡಿದು ನಿಂತಿದ್ದಳು. ಅಪ್ಪ ಅವಳನ್ನು ನೋಡಿದರು. ಆಮೇಲೆ ನನ್ನನ್ನು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ — ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೇಳಿಕೊಳ್ಳುವ ಕಣ್ಣು. ನೀನೇ ಹೇಳಿಬಿಡು, ನನ್ನನ್ನು ಬಿಡು, ಅನ್ನುವ ಹಾಗೆ.

ನಾನು ಅಂದೆ: "ಅಪ್ಪಾ, ಹೇಳ್ರಿ."

ಅಷ್ಟೇ. ನನ್ನ ಬದುಕಿನಲ್ಲಿ ಎಷ್ಟು ಮಾತು ಆಡಿದ್ದೇನೋ. ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸುವುದು ಆ ಎರಡು.

"ಹೌದ್ರಿ," ಅಂದರು ಅಪ್ಪ. "ನಮ್ಮ ಅಜ್ಜಂದ."

ಅಣ್ಣಾಸಾಹೇಬರು ಕತ್ತಿಯನ್ನು ಮೆಲ್ಲಗೆ ಮಣೆಯ ಮೇಲಿಟ್ಟರು. ಅವಲಕ್ಕಿ ತಿಂದರು. ಸಂಬಂಧ ಕುದುರಿತು. ಮರುದಿನ ದಸರೆ, ಬನ್ನಿ ಎಲೆ ಕೊಟ್ಟು ಅಪ್ಪನ ಕಾಲಿಗೆ ಬಿದ್ದೆ. ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ ಎಂದು ಹಗೆತನ ಇದ್ದವರೂ ಹೇಳಿಕೊಳ್ಳುವ ದಿನ ಅದು. ಅಪ್ಪ ಎಲೆ ತೆಗೆದುಕೊಂಡರು. ತಲೆಯ ಮೇಲೆ ಕೈ ಇಟ್ಟರು. ಆ ಮಾತು ಮಾತ್ರ ಆಡಲಿಲ್ಲ. ವಯಸ್ಸಾಯಿತು, ಮರೆತರು ಅಂದುಕೊಂಡೆ — ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಕೆಲವು ದಿನಗಳಾದ ಮೇಲೆ ಅಪ್ಪ ಸುನಂದಾಳಿಗೆ ತಮ್ಮ ಪಾಲಿನ ಅಡುಗೆಗೆ ಉಪ್ಪು ಹಾಕಬೇಡವೆಂದು ಹೇಳಿದರು. ನಮ್ಮಲ್ಲಿ ಹಾಲು, ತುಪ್ಪ, ಬೆಲ್ಲ, ಉಪ್ಪು ಇಂಥ ಯಾವುದಾದರೊಂದನ್ನು ನಿಯಮ ಹಿಡಿದು ಬಿಡುವುದುಂಟು. ಕಾರಣ ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಕೇಳದಿದ್ದುದಷ್ಟೇ ಅಲ್ಲ — ಖುಷಿಪಟ್ಟೆ. "ಬೇಸ್ ಮಾಡಿದ್ರಿ ಅಪ್ಪಾ. ಬಿ.ಪಿ.ಗೆ ಇದಕ್ಕಿಂತ ಔಷಧ ಇಲ್ಲ. ನಾ ಯಾವಾಗಿಂದ ಬಡಕೋಳಾಕತ್ತೇನಿ" ಅಂದೆ. ವಖಾರಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದೆ: ನಮ್ಮ ಅಪ್ಪನನ್ನು ನೋಡಿ, ಈ ವಯಸ್ಸಿನಲ್ಲಿ ನನ್ನ ಮಾತು ಕೇಳಿ ಉಪ್ಪು ಬಿಟ್ಟರು, ನೀವೂ ಬಿಡಿ. ರೋಹಿಣಿಯ ಮದುವೆಯ ಊಟದಲ್ಲಿ ಅಷ್ಟು ಜನರ ನಡುವೆ ಅಪ್ಪ ಬರಿಯ ಅನ್ನಕ್ಕೆ ಹಾಲು ಹಾಕಿಕೊಂಡು ಉಂಡು ಎದ್ದರು. ಬೀಗರ ಕಡೆಯವರಿಗೆ ಅದನ್ನೂ ಹೆಮ್ಮೆಯಿಂದ ತೋರಿಸಿದೆ.

ವರ್ಷಗಳು ಹೋದವು. ಊಟಕ್ಕೆ ಎದುರುಬದುರು ಕುಳಿತಾಗ ಅಪ್ಪ ಕೆಲವೊಮ್ಮೆ ತುತ್ತು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. "ಏನರ ಹೇಳೂದೈತೇನೋ?" ಅನ್ನುತ್ತಿದ್ದರು.

"ಏನಿಲ್ರಿ ಅಪ್ಪಾ, ಉಣ್ರಿ."

ಎಷ್ಟು ಸಲ ಕೇಳಿದರು! ಮುದುಕರ ಮಾತು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಪ್ರತಿ ಸಲವೂ ಕತ್ತಿಯ ಸುಳ್ಳು ನೆನಪಾಗುತ್ತಿತ್ತು. ಮಗಳ ಸಂಸಾರ ನೆಟ್ಟಗಾಗಲಿ, ಒಂದು ಮೊಮ್ಮಗು ಆಗಲಿ, ಆಮೇಲೆ ಹೇಳೋಣ... ಒಳ್ಳೆಯ ಬೆಲೆ ಬರಲಿ ಎಂದು ಮಾಲು ತಡೆಹಿಡಿಯುವ ಹಾಗೆ ಆ ಮಾತನ್ನು ತಡೆಹಿಡಿದೆ. ಮೊಮ್ಮಗ ಬಂದ. ಮಾತು ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಪ್ಪನಿಗೆ ನಡೆಯುವಾಗ ತೂಗಾಡುವುದು, ಹೆಸರು ಮರೆಯುವುದು ಶುರುವಾಯಿತು. ಮಿರಜದಲ್ಲಿ ಆಸ್ಪತ್ರೆಗೇನು ಕಡಿಮೆ, ಒಯ್ದೆವು. ರಕ್ತದಲ್ಲಿ ಉಪ್ಪಿನ ಅಂಶ ಇಳಿದಿದೆ, ಊಟದಲ್ಲಿ ಉಪ್ಪು ಕೊಡಿ ಎಂದರು ಡಾಕ್ಟರು. ಅಪ್ಪ ತಲೆಯಾಡಿಸಿದರು. "ನಂದ ನಿಯಮ ಐತಿ." ಸಲೈನ್ ಹಚ್ಚಿದಾಗ ನರ್ಸಬಾಯಿಯನ್ನು ಕೇಳಿದರು: "ಇದರಾಗೂ ಉಪ್ಪ ಐತೇನವಾ?" ಐತ್ರಿ ಅಜ್ಜಾ ಅಂದಳು ಅವಳು. "ಇರಲಿ. ಇದು ನಾ ತಿಂದದ್ದಲ್ಲ, ನೀ ಹಾಕಿದ್ದು" ಎಂದು ನಕ್ಕರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ಚೌಕಾಸಿ ಮಾಡಿದೆ. ಹೌದು, ಅಪ್ಪನ ಜೊತೆ ಚೌಕಾಸಿ. "ಒಂದ ಚಿಟಿಕಿರಿ ಅಪ್ಪಾ. ಸಾರಿನಾಗ ಬ್ಯಾಡ, ಮಜ್ಜಿಗ್ಯಾಗ. ಮುನಿ ಮಹಾರಾಜರನ್ನ ನಾ ಕೇಳಿ ಬರ್ತೇನಿ, ನಿಯಮ ಬಿಡಸ್ಕೊಂಡು ಬರ್ತೇನಿ. ದೊಡ್ಡ ಪೂಜಿ ಮಾಡಸ್ತೇನಿ." ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅದೇ ಮಾತು: "ಏನರ ಹೇಳೂದೈತೇನೋ ನಿನಗ?"

"ಅದನ್ನ ಹೇಳಾಕತ್ತೇನಲ್ರಿ, ಉಪ್ಪ ತಿನ್ರಿ ಅಂತ!" ಎಂದು ಗದರಿದೆ.

ಮಳೆಗಾಲ ಹಿಡಿಯುವ ಮೊದಲೇ ಅಪ್ಪ ಹೋದರು. ವಯಸ್ಸಾಗಿತ್ತು. ಉಪ್ಪಿಲ್ಲದ್ದರಿಂದಲೇ ಎಂದು ಡಾಕ್ಟರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕ್ರಿಯಾಕರ್ಮ ಮುಗಿದ ಮೇಲೆ ರೋಹಿಣಿ ಅಡುಗೆಮನೆಯಲ್ಲಿ ಅಪ್ಪನ ಬೇರೆ ಪಾತ್ರೆಗಳನ್ನು ತೊಳೆದು ಕವುಚಿ ಹಾಕುತ್ತಿದ್ದಳು. ಅವಳು ಓದಿದ್ದು, ಬೆಳೆದದ್ದು ಮರಾಠಿಯಲ್ಲಿ. ಅಜ್ಜನ ಜೊತೆ ಮಾತ್ರ ಕನ್ನಡ, ಅದೂ ಮುರುಕು. ನಾನು ರೂಢಿಯಂತೆ ಯಾರಿಗೋ ಹೇಳುತ್ತಿದ್ದೆ — ಅಪ್ಪ ಹಟಮಾರಿ, ಬಿ.ಪಿ.ಗೆಂದು ಬಿಟ್ಟ ಉಪ್ಪನ್ನು ಡಾಕ್ಟರು ಹೇಳಿದರೂ ಮುಟ್ಟಲಿಲ್ಲ ಎಂದು. ಅವಳು ಕೈ ಒರೆಸಿಕೊಳ್ಳದೆ ಹೊರಗೆ ಬಂದಳು.

"ಪಪ್ಪಾ, ಬಸ್ ಕರಾ. ಆಜೋಬಾ ಬಿ.ಪಿ. ಸಾಠಿ ಬಿಟ್ಟಿಲ್ಲ." ಸಾಕು ಮಾಡಿ, ಅಜ್ಜ ಉಪ್ಪು ಬಿಟ್ಟದ್ದು ಬಿ.ಪಿ.ಗಾಗಿ ಅಲ್ಲ ಅನ್ನುತ್ತಿದ್ದಳು.

ಅವತ್ತು ಅವಲಕ್ಕಿ ತಟ್ಟೆ ಹಿಡಿದು ನಿಂತವಳು ಅವಳೇ ಅಲ್ಲವೆ. ಕಾವಡಿಯ ಕಥೆ ಕೇಳಿ ಬೆಳೆದವಳು ಅವಳೂ. ಮದುವೆಗೆ ಮೊದಲೇ ಅಜ್ಜನನ್ನು ಕೇಳಿದ್ದಳಂತೆ: ನೀವು ಯಾಕ ಖೋಟಾ ಹೇಳಿದಿರಿ ಎಂದು. ಅಪ್ಪ ಮುಚ್ಚಿಡಲಿಲ್ಲ. ವ್ರತ ಮುರಿಯಿತೆಂದು ಮುನಿಗಳ ಬಳಿ ಹೋಗಿ ಒಪ್ಪಿಕೊಂಡಿದ್ದರು. ಮುಂದಿನ ದಸರೆಯವರೆಗೆ ಹಾಲು, ತುಪ್ಪ, ಉಪ್ಪಿನಂಥ ಯಾವುದಾದರೊಂದು ರಸ ಬಿಡು ಎಂದು ಮುನಿಗಳು ಪ್ರಾಯಶ್ಚಿತ್ತ ಕೊಟ್ಟಿದ್ದರು. ಉಪ್ಪು ಎಂದು ಆರಿಸಿದ್ದು ಅಪ್ಪ. ಅವಧಿಯನ್ನು ಬದಲಿಸಿಕೊಂಡದ್ದೂ ಅಪ್ಪನೇ.

"ಎಷ್ಟ ದಿವಸ ಅಂತ ನಾ ವಿಚಾರಿಸ್ದೆ ಪಪ್ಪಾ. ಆಜೋಬಾ ಹೇಳಿದ್ರು — 'ನನ್ನ ಮಗಾ ತಾನ ಬಾಯಿಬಿಟ್ಟು ಖರೆ ಹೇಳೂತನಕ.'"

"ನನಗ ಯಾಕ ಹೇಳಲಿಲ್ಲ ನೀ?"

"ಹೇಳಬ್ಯಾಡ ಅಂದ್ರು. 'ನೀ ಹೇಳಿದ ಮ್ಯಾಲ ಅವ ಹೇಳಿದ್ರ ಅದು ಅವನ ಮಾತಲ್ಲ' ಅಂದ್ರು. ಶಪಥ ಘಾತಲಿ..." ಆಣೆ ಹಾಕಿಸಿಕೊಂಡಿದ್ದರಂತೆ. ಆಮೇಲೆ ಮೆಲ್ಲಗೆ ಅಂದಳು, "ರೋಜ್ ವಾಟ ನೋಡ್ತಿದ್ರು ಪಪ್ಪಾ. ರೋಜ್."

ದಿನವೂ ದಾರಿ ಕಾಯುತ್ತಿದ್ದರು. ನಾನು ಅವರ ಎದುರಿಗೇ ಕುಳಿತು, ಉಪ್ಪಿನಕಾಯಿ ನೆಕ್ಕುತ್ತ...

ಇಲ್ಲ, ಈ ವಾಕ್ಯ ಮುಗಿಸಲಾರೆ.

ಆ ವ್ಯಾಪಾರಿಯನ್ನು ಹುಡುಕಿಕೊಂಡು ನಿಪ್ಪಾಣಿಗೆ ಹೋದೆ. ಸಿಕ್ಕ. ನನ್ನನ್ನು ಗುರುತಿಸಲಿಲ್ಲ, ಕಾವಡಿಯ ನೆನಪೂ ಇರಲಿಲ್ಲ. ತಗ್ಗಿನ ಬಗ್ಗೆ ಹೇಳಿದೆ, ಹಿತ್ತಾಳೆ ಬಳೆಯ ಬಗ್ಗೆ ಹೇಳಿದೆ. "ಎಷ್ಟ ಮಾಲ ಬರ್ತಾವು, ಎಷ್ಟ ಹೊಕ್ಕಾವು ಸೇಠ" ಅಂದ. ನಾನು ಗಿರಾಕಿಗಳಿಗೆ ಹೇಳುವ ಮಾತೇ ಅದು. ವಾಪಸು ಬಂದೆ.

ಆಮೇಲೆ ಕೃಷ್ಣೆಯ ಸೇತುವೆ ದಾಟಿ ಸಾಂಗ್ಲಿವಾಡಿಗೆ ಹೋದೆ. ಅಣ್ಣಾಸಾಹೇಬರು ಹೊರಗೆ ಜಗಲಿಯ ಮೇಲೆ ಅರಿಶಿನದ ಬೇರು ಮುರಿದು ನೋಡುತ್ತ ಕುಳಿತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕಾವಡಿ, ಕತ್ತಿ, ಉಪ್ಪು. ಅವರ ಕೈಯಲ್ಲಿದ್ದ ಬೇರು ಹಾಗೆಯೇ ಉಳಿಯಿತು.

"ಕತ್ತಿ ಕೈಯಾಗ ತೊಗೊಂಡ ಕೂಡ್ಲೆ ನನಗ ಸಂಶೇ ಬಂದಿತ್ರಿ," ಅಂದರು ಕೊನೆಗೆ. "ತೂಕ ಇರಲಿಲ್ಲ ಅದಕ್ಕ. ನೀವು ಹೇಳಿದ್ದು ನಂಬಿಕಿ ಆಗಲಿಲ್ಲ — ಸಿಟ್ಟಾಗಬ್ಯಾಡ್ರಿ, ನೀವು ವ್ಯಾಪಾರಸ್ಥರು, ನಾನೂ ಹಂತಾವನ. ಅದಕ್ಕ ದೇವಪ್ಪಣ್ಣಾರ್ನ ಕೇಳಿದೆ. ಅವರು ಹೌದಂದ್ರು." ಬೇರನ್ನು ಕೆಳಗಿಟ್ಟು ಅಂದರು, "ಮುಗೀತಲ್ರಿ. ನನ್ನ ಕೈನ ಖೋಟಾ ಅಂತ ತಿಳಕೊಂಡೆ."

ಒಂದು ಮಾತು ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ: ಮಣೆಯ ಮೇಲೆ ಕಾವಡಿ ಇದ್ದಿದ್ದರೆ ನನ್ನ ಮಗಳನ್ನು ತಂದುಕೊಳ್ಳುತ್ತಿರಲಿಲ್ಲವೇ ಎಂದು. ಕೇಳಲಿಲ್ಲ. ತಂದುಕೊಳ್ಳುತ್ತಿದ್ದೆವು ಅಂದರೆ ಅಪ್ಪನ ವ್ರತ ಸುಮ್ಮನೆ ಹಾಳಾಯಿತು. ಇಲ್ಲ ಅಂದರೆ — ಅಂದರೆ ನನಗೊಂದು ನೆಪ ಸಿಕ್ಕೀತು. ಯಾವುದೂ ಬೇಡವಾಗಿತ್ತು. ಕೈಮುಗಿದು ಬಂದೆ.

ಈ ಸಲದ ಖಂಡೆಪೂಜೆಯಲ್ಲಿ ಮಣೆ ಹಾಕಿ, ಮಣೆಯ ಮೇಲೆ ಏನನ್ನೂ ಇ‍ಡಲಿಲ್ಲ. ಸುನಂದಾ ಆ ಬರಿ ಮಣೆಗೇ ಹೂವೇರಿಸಿದಳು.

ಕತ್ತಿಯನ್ನು ಏನು ಮಾಡಿದೆ ಎಂದು ಕೇಳುತ್ತೀರಿ. ಹೊಳೆಗೆ ಎಸೆಯಬೇಕೆನ್ನಿಸಿತ್ತು. ಎಸೆದರೆ ನನಗೆ ಹಗುರವಾಗುತ್ತಿತ್ತು, ಅದಕ್ಕೇ ಎಸೆಯಲಿಲ್ಲ. ಅದು ಅಲ್ಲೇ ಇದೆ, ಕಾವಡಿಗೆಂದು ಬಡಿಸಿದ್ದ ಎರಡು ಗೂಟಗಳ ಮೇಲೆ. ಒರೆಯಿಂದ ಹೊರಗಿಟ್ಟಿದ್ದೇನೆ. ನಾನು ಉಪ್ಪು ತಿಕ್ಕಿದ ಕಡೆ ತುಕ್ಕು ಈಗ ನಿಜವಾಗಿಯೇ ಆಳಕ್ಕೆ ಇಳಿದಿದೆ. ಯಾರು ನೋಡಿದರೂ ಹಳೆಯದೆಂದೇ ನಂಬುತ್ತಾರೆ. ಈ ಬರಹದ ಕೊನೆಗೆ ನಿಮಗೊಂದು ಬುದ್ಧಿಮಾತು ಹೇಳಬೇಕೆಂದು ಚಟ ಎಳೆಯುತ್ತಿದೆ. ಹೇಳುವುದಿಲ್ಲ. ಹೇಳಬೇಕಾಗಿದ್ದ ಮಾತನ್ನು ಹೇಳಬೇಕಾಗಿದ್ದವರಿಗೆ ಹೇಳದವನು ನಾನು.

ಮೊನ್ನೆ ಬಾಗಿಲು ಕೊಳ್ಳಲು ಬಂದ ಗಿರಾಕಿಯೊಬ್ಬರು ಮನೆಗೆ ಬಂದಿದ್ದರು. ಚಹಾ ಕೈಗೆ ತೆಗೆದುಕೊಂಡು, ತಲೆಯೆತ್ತಿ, ಎಲ್ಲರೂ ಕೇಳುವ ಹಾಗೆಯೇ ಕೇಳಿದರು:

"ಖಾನದಾನಿ ಕತ್ತಿ ಕಾಣಸ್ತೈತಿ. ಯಾರ ಕಾಲದ್ದ್ರಿ?"

"ನನ್ನ ಕಾಲದ್ದ," ಅಂದೆ. "ನಾನ ಕೊಂಡದ್ದು. ಕುಂದ್ರಿ, ಏನ ಕೊಟ್ಟು ಕೊಂಡೆ ಅಂತ ಹೇಳ್ತೇನಿ."